ಹಾಲು ಕೊಟ್ಟವಳ ಜಾಗ

ದೋಣಿ ನೈಲ್ ನದಿಯ ಪಡುವಣ ದಡಕ್ಕೆ ತಾಗುತ್ತಿದ್ದಂತೆ ಪಶೆದ್ ನೀರಿಗಿಳಿದು ಹಗ್ಗ ಹಿಡಿದ. ಚಾಪೆಯಲ್ಲಿ ಸುತ್ತಿದ್ದ ಅತ್ತೆ ಹೆನುತ್‌ಳ ಹೆಣ ಒಂದು ಕಡೆಗೆ ವಾಲಿತು. ಅವನ ಹೆಂಡತಿ ತಮಿತ್ ಬೆನ್ನಿಗೆ ಕಟ್ಟಿದ್ದ ಕೂಸನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಅವ್ವನ ತಲೆಗೆ ಆಸರೆ ಕೊಟ್ಟಳು.

"ಮೆತ್ತಗೆ ಎತ್ರಪ್ಪ," ಎಂದಳು ಪಕ್ಕದ ಮನೆಯ ಇಪಿ ಅಜ್ಜಿ. "ದೊಡ್ಡವರ ಅಂಗಳಕ್ಕೆ ಹೊಂಟೋಳು. ಮೈಗೆ ಕೆಸರು ಮೆತ್ಕೊಂಡು ಹೋದ್ರೆ ಬಾಗಿಲಲ್ಲೇ ತಡೀತಾರೆ."

ಪಶೆದ್ ನಕ್ಕ. ತಮಿತ್ ನಗಲಿಲ್ಲ.

ಹೆನುತ್‌ಳನ್ನು ಎಲ್ಲಿ ಹೂಳಬೇಕೆಂಬುದು ಇಟ್ಟಿಗೆಗಾರರ ಕೇರಿಗೆಲ್ಲ ಗೊತ್ತಿತ್ತು. ಕಣಜದ ಅಧಿಕಾರಿ ರೆನ್ಸೆನೆಬ್ ಬೆಟ್ಟದಲ್ಲಿ ತನ್ನ ಗೋರಿ ಕೊರೆಸುವಾಗ ಅಂಗಳದಲ್ಲೊಂದು ಗುಂಡಿ ತೋಡಿಸಿ, "ಇದು ನನಗೆ ಹಾಲು ಕೊಟ್ಟ ಅವ್ವನಿಗೆ" ಎಂದು ನಾಲ್ಕು ಜನರೆದುರು ಹೇಳಿದ್ದ. ಆಮೇಲೆ ಹೆನುತ್‌ಗೆ ಅದೇ ಮಾತು. "ನನ್ನ ರೆನಿಗೆ ಇಡೋ ಎಡೇಲಿ ನನಗೂ ಒಂದು ತುತ್ತು. ಅಲ್ಲಿಂದ ನಿಮ್ಮಪ್ಪನ್ನೂ ಕರೀತೀನಿ, ಸತ್ತ ಕೂಸನ್ನೂ ಕರೀತೀನಿ."

*

ಆ ಕೂಸು ತಮಿತ್‌ಳ ತಮ್ಮ. ಅದು ಹುಟ್ಟಿದ ಹೊಸತರಲ್ಲೇ ದೊಡ್ಡ ಮನೆಯಲ್ಲಿ ರೆನ್ಸೆನೆಬ್ ಹುಟ್ಟಿದ. ತಾಯಿಗೆ ಹಾಲು ಬರಲಿಲ್ಲ. ಹೆನುತ್‌ಗೆ ಕರೆ ಬಂತು. ಅವಳು ಕೂಸನ್ನು ತಮಿತ್‌ಳ ಮಡಿಲಲ್ಲಿಟ್ಟು, "ಗಂಜಿ ತಿಳಿ ಬಟ್ಟೇಲಿ ಅದ್ದಿ ಚೀಪಿಸ್ತಿರು. ಸಂಜೆಗೆ ಬಂದ್ಬಿಡ್ತೀನಿ" ಎಂದು ಹೋದಳು. ಬರಲು ಅವರು ಬಿಡಲಿಲ್ಲ.

ಚೀಪಿ ಚೀಪಿ ಸೋತ ಕೂಸು ಅಳುವುದನ್ನೂ ನಿಲ್ಲಿಸಿದಾಗ, ಪುಟ್ಟ ತಮಿತ್ ಅದನ್ನೆತ್ತಿಕೊಂಡು ದೊಡ್ಡ ಮನೆಯ ಹಿತ್ತಲಿಗೆ ಓಡಿದಳು. ಬೇಲಿಯಾಚೆ ಅಂಜೂರದ ನೆರಳಲ್ಲಿ, ಮಡಿ ಬಟ್ಟೆ ಉಟ್ಟ ಅವ್ವ ರೆನಿಗೆ ಮೊಲೆ ಕೊಡುತ್ತ ಹಾಡುತ್ತಿದ್ದಳು. ತಮಿತ್ ಕರೆದಳು. ಅವ್ವ ತಲೆಯೆತ್ತಿ ನೋಡಿದಳು. ಮತ್ತೆ ತಲೆ ತಗ್ಗಿಸಿ ಹಾಡು ಮುಂದುವರಿಸಿದಳು.

"ಎದ್ದು ಬಂದಿದ್ರೆ ನಿಮ್ಮಪ್ಪನ್ನ ಕಲ್ಲುಗಣಿಗೆ ಅಟ್ತಿದ್ರು," ಎಂದು ಆಮೇಲೆ ಎಂದೋ ಹೇಳಿದ್ದಳು. ತಮಿತ್ ನಂಬಿದಳು. ಆದರೆ ಹಾಡನ್ನು ಮಾತ್ರ ಅವಳಿಗೆ ಮರೆಯಲಾಗಲಿಲ್ಲ.

*

"ಆ ಗುಂಡಿ ತುಂಬೋಯ್ತಲ್ಲಮ್ಮ," ಎಂದ ಗೋರಿಯ ಕಾವಲುಗಾರ.

"ಯಾರನ್ನಿಟ್ರಿ?"

ಅವನು ಬೇರೆ ಕಡೆ ನೋಡಿದ. "ಧಣಿಗಳ ಬೇಟೆನಾಯಿ. ಹೋದ ಹುಣ್ಣಿಮೇಲಿ ಸತ್ತೋಯ್ತು. ತುಂಬ ಹಚ್ಕೊಂಡಿದ್ರು."

"ಪೆಟ್ಟಿಗೆ ಮಾಡ್ಸಿದ್ರಾ?" ಇಪಿ ಅಜ್ಜಿ ಕೇಳಿದಳು.

"ದೇವದಾರು ಪೆಟ್ಟಿಗೆ."

ಅಜ್ಜಿ ಬಿಚ್ಚಿಕೊಂಡಿದ್ದ ಚಾಪೆಯ ಅಂಚನ್ನು ಒಳಕ್ಕೆ ಮಡಿಸಿದಳು. "ಕೇಳಿಸ್ಕೊಂಡೇನೇ, ಹೆನುತ್," ಎಂದಳು.

ಬೆಟ್ಟದ ಬುಡದ ಮರಳಲ್ಲಿ, ಬಡವರನ್ನು ಹೂಳುವ ಕಡೆ, ಪಶೆದ್ ಗುಂಡಿ ತೆಗೆದ. ರೊಟ್ಟಿ, ಈರುಳ್ಳಿ ಜೊತೆಗಿಟ್ಟು ಹೆಣ ಇಳಿಸಿದರು.

"ಒಂದ್ಸಲ ಅತ್ಬಿಡೇ," ಎಂದ ಪಶೆದ್.

"ಯಾರಿಗಂತ ಅಳ್ಲಿ?"

ಮಣ್ಣು ಮುಚ್ಚುತ್ತಿರುವಾಗ ರೆನ್ಸೆನೆಬ್ ಬಂದ. ಆಳೊಬ್ಬ ಅವನ ತಲೆಗೆ ನೆರಳು ಹಿಡಿದಿದ್ದ. ಗುಂಡಿಯನ್ನು ನೋಡಿ ಅವನ ಕಣ್ಣು ನಿಜಕ್ಕೂ ತುಂಬಿ ಬಂತು.

"ಜಾಗದ ವಿಷಯ ಮರೆತೇಹೋಗಿತ್ತಕ್ಕ. ಅವ್ವ ಇಷ್ಟು ಬೇಗ ಹೋಗ್ತಾಳೆ ಅಂತ..." ಅಷ್ಟಕ್ಕೆ ನಿಲ್ಲಿಸಿ ಅವಳ ಬೆನ್ನ ಮೇಲಿನ ಕೂಸನ್ನು ನೋಡಿದ. "ಇನ್ನೂ ಮೊಲೆ ಕುಡೀತಿದೆಯಾ?"

"ಕುಡೀತದೆ, ಧಣಿ."

"ನಮ್ಮನೇಲಿ ಮೊನ್ನೆ ಗಂಡು ಹುಟ್ಟಿದೆ. ನನ್ನ ಹೆಂಡತಿಗೆ ಹಾಲಿಲ್ಲ. ಕಂಡಕಂಡವರನ್ನ ನಂಬೋಕಾಗಲ್ಲ, ನೀನಾದ್ರೆ ನಮ್ಮವಳು. ಪಶೆದ್‌ನ ಈ ಸಲ ಗಣಿ ಕೆಲಸಕ್ಕೆ ಕರೆದಿದಾರಂತೆ. ಅದನ್ನ ನಾನು ನೋಡ್ಕೋತೀನಿ."

ಇಪಿ ಅಜ್ಜಿ ತಮಿತ್‌ಳ ತೋಳು ಹಿಡಿದುಕೊಂಡಳು. ಪಶೆದ್‌ನ ಸಲಿಕೆ ನಿಂತಿತು. ಅವನು ಬೇಡ ಎನ್ನಲಿಲ್ಲ. ಹೆಂಡತಿಯ ಮುಖವನ್ನೂ ನೋಡಲಿಲ್ಲ. ಮತ್ತೆ ಮಣ್ಣೆಳೆಯತೊಡಗಿದ.

ತಮಿತ್ ತೋಳು ಬಿಡಿಸಿಕೊಂಡಳು. ಬೆನ್ನಿನ ಗಂಟು ಬಿಚ್ಚಿ, ಗಂಡನಿಗೂ ಧಣಿಗೂ ಬೆನ್ನು ತಿರುಗಿಸಿ ಬಿಸಿ ಮರಳಿನ ಮೇಲೆ ಕೂತಳು. ಕೂಸು ನಿದ್ದೆಹೋಗಿತ್ತು. ಅವಳು ಅದರ ಅಂಗಾಲು ತಟ್ಟಿ ಎಬ್ಬಿಸಿ ಮೊಲೆಗೆ ಹಚ್ಚಿದಳು. ಹಸಿವಿಲ್ಲದ ಕೂಸು ಮುಖ ತಿರುಗಿಸಿತು. ಅವಳು ಮತ್ತೆ ಹಚ್ಚಿದಳು. ಅದರ ಬಾಯಿ ತುಂಬಿ, ಹಾಲು ಕೆನ್ನೆಯಿಂದ ಕುತ್ತಿಗೆಗೆ ಇಳಿಯುತ್ತಿದ್ದರೂ ತೆಗೆಯಲಿಲ್ಲ.