ಎಡಗಡೆಯ ಫೋಟೊಗಳು

ಲಿಂಗರಾಜಪುರದ ಬಾಡಿಗೆ ಮನೆಯಲ್ಲಿ ಪ್ರತಿಭಾಳ ಜೊತೆಗೆ ಇದ್ದವನು ದೊರೆ ಒಬ್ಬನೇ. ದೊರೆ ಎಂದರೆ ಶಿವಾಜಿನಗರದಿಂದ ಅವಳು ತಂದ ನೀಲಿ ಫೈಟರ್ ಮೀನು. ಜೊತೆಗಿರಲಿ ಎಂದು ಬಿಟ್ಟ ಸಣ್ಣ ಮೀನುಗಳನ್ನು ಅಟ್ಟಾಡಿಸಿ ಮೂಲೆಗೆ ತಳ್ಳಿದ್ದರಿಂದ ಅವನ್ನು ಅಂಗಡಿಗೇ ವಾಪಸ್ ಕೊಡಬೇಕಾಯಿತು. ತೊಟ್ಟಿಯ ಗಾಜಿನಲ್ಲಿ ತನ್ನ ನೆರಳೇ ಕಂಡರೂ ಕಿವಿರು ಅಗಲಿಸಿ ಮೇಲೆ ಬೀಳುತ್ತಿದ್ದ. ಆದರೆ ಸಂಜೆ ಅವಳು ತೊಟ್ಟಿಯ ಮುಂದೆ ಕೂತರೆ, ಮೇಲೆ ಬಂದು ಒಂದು ಗುಕ್ಕು ಗಾಳಿ ಕುಡಿದು, ಅವಳ ಬೆರಳು ಹೋದಲ್ಲೆಲ್ಲ ಬರುತ್ತಿದ್ದ.

ಅಮ್ಮನ ಮಂಡಿ ಆಪರೇಷನ್ನಿಗೆಂದು ತನ್ನೂರು ರಾಣೆಬೆನ್ನೂರಿಗೆ ಹೊರಟಾಗ ಪ್ರತಿಭಾ ಅವನನ್ನು ತೊಟ್ಟಿಯ ಸಮೇತ ಹಲಸೂರಿನ ಶೀತಲ್ ಮನೆಗೆ ಒಯ್ದಳು. ಶೀತಲ್ ರಾಣೆಬೆನ್ನೂರಿನವಳೇ, ಅವಳದೇ ಓಣಿಯವಳು, ಒಂದೇ ಬೆಂಚಿನಲ್ಲಿ ಕೂತು ಓದಿದವಳು.

"ಇನ್ನೊಂದು ಗಂಡು ಮೀನು ಇವನ ಹತ್ರ ಬರಬಾರದು ಕಣೇ. ಕಚ್ಚಾಡಿ ಸಾಯ್ತವೆ."

"ಆಯ್ತು ಮಾರಾಯ್ತಿ! ನಿನ್ನ ಮಗನ್ನ ನನ್ನ ಮಗನ ತರಾನೇ ನೋಡ್ಕೋತೀನಿ, ಹೋಗು."

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೇಸತ್ತಾಗಲೆಲ್ಲ ಪ್ರತಿಭಾಳ ಫೋನಿಗೆ ದೊರೆಯ ಫೋಟೊ ಬರುತ್ತಿತ್ತು. ಅವಳು ಅದನ್ನು ಅಮ್ಮನಿಗೂ ತೋರಿಸುತ್ತಿದ್ದಳು. ಎಲ್ಲ ಫೋಟೊಗಳಲ್ಲೂ ಅವನ ಎಡಮಗ್ಗುಲೇ ಇತ್ತು, ಬಾಲ ಫೋಟೊದ ಅಂಚಿನಾಚೆಗೇ ಉಳಿದಿತ್ತು. ಅದು ಅವಳ ಗಮನಕ್ಕೆ ಬರಲಿಲ್ಲ.

ಮರಳಿ ಬಂದು ನೋಡಿದರೆ ಅವನ ಬಲಗಡೆಯ ರೆಕ್ಕೆ ಹರಿದು ಚಿಂದಿಯಾಗಿತ್ತು. ಬಾಲದ ಅರ್ಧ ಇರಲಿಲ್ಲ.

"ನಿನ್ನೆಯಿಂದ ಹಿಂಗಾಗಿದೆ ಕಣೇ. ಏನೋ ಇನ್‌ಫೆಕ್ಷನ್ ಅನ್ಸುತ್ತೆ. ನಾನು ಎಷ್ಟು ಒದ್ದಾಡಿದೆ ಗೊತ್ತಾ?" ಶೀತಲ್‌ಳ ಕಣ್ಣು ತುಂಬಿತ್ತು.

ಪ್ರತಿಭಾಳೇ ಅವಳನ್ನು ಸಮಾಧಾನ ಮಾಡಿದಳು. ಊರಿನಿಂದ ತಂದಿದ್ದ ಇಳಕಲ್ ಸೀರೆಯನ್ನು ಅವಳ ಕೈಗಿಟ್ಟು, ಮೀನನ್ನು ಮನೆಗೆ ತಂದು ಔಷಧಿ ಹಾಕತೊಡಗಿದಳು.

ಮುಂದಿನ ವಾರ ದೊಡ್ಡನೆಕ್ಕುಂದಿಯ ಆಫೀಸಿನಲ್ಲಿ ಊಟ ಮಾಡುವಾಗ ಜೊತೆಯ ರಾಮು ಫೋನು ಚಾಚಿದ. "ನೋಡಿ ಮೇಡಂ, ನಿಮ್ಮ ಫೈಟರ್ ತರಾನೇ ಇದೆ. ಸಖತ್ ವೈರಲ್ ಆಗಿದೆ."

ಒಂದು ನೀಲಿ ಮೀನು, ಒಂದು ಕೆಂಪು ಮೀನು. ಒಂದರ ಬಾಯಲ್ಲಿ ಇನ್ನೊಂದರ ಬಾಲ. ಮೀನನ್ನು ಗುರುತಿಸುವ ಮೊದಲೇ ಪ್ರತಿಭಾ ದನಿಯನ್ನು ಗುರುತಿಸಿದಳು. "ಯಾರು ಗೆಲ್ತಾರೆ ಗೈಸ್? ಕಮೆಂಟ್ ಮಾಡಿ!" ಆಮೇಲೆ ನಗು. ಚಿಕ್ಕಂದಿನಿಂದ ಕೇಳಿದ ನಗು. ಅವಳು ತಾರೀಖು ನೋಡಿದಳು. ಅಮ್ಮನನ್ನು ಆಪರೇಷನ್ ಕೋಣೆಗೆ ಒಯ್ದ ದಿನವೇ ಹಾಕಿದ ವಿಡಿಯೊ ಅದು.

ಸಂಜೆ ಅವಳು ನೇರ ಹಲಸೂರಿಗೆ ಹೋದಳು. ಶೀತಲ್ ಮೊದಲು ಇಲ್ಲವೆಂದಳು, ಆಮೇಲೆ ಸಿಡುಕಿದಳು.

"ಒಂದೇ ನಿಮಿಷ ಬಿಟ್ಟಿದ್ದು ಕಣೇ. ಮೀನು ತಾನೇ? ಅದರ ಹೆಸರೇ ಫೈಟರ್!"

ಸಿಟ್ಟಿನಲ್ಲಿ ಪ್ರತಿಭಾಳ ಬಾಯಿಗೆ ಊರಿನ ಮಾತೇ ಬಂತು. "ಮೀನಿನ ಮಾತು ಬಿಡ. ನನ್ನ ಮುಂದ ಕಣ್ಣೀರು ಹಾಕಿದ್ಯಲ್ಲ, ಅದೇನು? ನಾ ನಿನಗ ಸಮಾಧಾನ ಮಾಡಿದ್ನಲ್ಲಲೇ!"

ಪ್ರತಿಭಾ ಮನೆಯ ಸುತ್ತ ಕಣ್ಣಾಡಿಸಿದಳು.

"ಕೆಂಪು ಮೀನು ಎಲ್ಲೈತಿ?"

ಶೀತಲ್ ಅಡುಗೆಮನೆಯ ಕಡೆ ನೋಡಿದಳು. ಕಿಟಕಿಯ ಪಕ್ಕ, ಉಪ್ಪಿನಕಾಯಿ ಜಾಡಿಯ ಕದಡಿದ ನೀರಿನಲ್ಲಿ ಅದು ವಾಲಿಕೊಂಡು ಉಸಿರಾಡುತ್ತಿತ್ತು. ಪ್ರತಿಭಾ ಜಾಡಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಶೀತಲ್ ತಡೆಯಲಿಲ್ಲ.

ಕೆಂಪು ಮೀನು ಎರಡು ದಿನ ಬದುಕಿತು. ದೊರೆಯ ಬಾಲ ನಿಧಾನವಾಗಿ, ಸೊಟ್ಟಗೆ ಬೆಳೆಯಿತು. ಶೀತಲ್ ವಿಡಿಯೊ ಅಳಿಸಿ, ಸಾರಿ ಎಂದು ಮೆಸೇಜ್ ಕಳಿಸಿದಳು. ಪ್ರತಿಭಾ ಓದಿ ಫೋನು ಕೆಳಗಿಟ್ಟಳು.

ಭಾನುವಾರ ಅಮ್ಮ ಫೋನು ಮಾಡಿದಳು. ಶೀತಲ್‌ಳ ತಾಯಿ ದಿನಾ ಬಂದು ಮಂಡಿಗೆ ಎಣ್ಣೆ ತಿಕ್ಕಿ ಹೋಗುತ್ತಾಳಂತೆ. "ಭಾಳ ಒಳ್ಳೇ ಮಂದಿ ನೋಡ. ಶೀತಲ್ ಹೆಂಗದಾಳ?"

ಪ್ರತಿಭಾ ತೊಟ್ಟಿಯ ಗಾಜಿನ ಮೇಲೆ ಬೆರಳಿಟ್ಟಳು.

"ಆರಾಮದಾಳವ್ವಾ," ಎಂದಳು.