ಯಾರ್ಡಿನ ಮೊದಲ ಕಟ್ಟಡ

ಒಂದೇ ಒಂದು ಕಟ್ಟಡ ಉಳಿಯುತ್ತದೆ, ಮಿಕ್ಕದ್ದೆಲ್ಲ ನೆಲಸಮ ಎಂದು ಗೊತ್ತಾದ ದಿನದಿಂದ ಹೊಲಿಗೆಯಕ್ಕನ ತಲೆ ಕೆಟ್ಟು ಕೂತಿತ್ತು. ರೈಲು ನಿಂತು ಎಷ್ಟೋ ಕಾಲವಾದ ಗೂಡ್ಸ್ ಯಾರ್ಡನ್ನು ಇಲಾಖೆಯವರು ಮಾರಲು ಹೊರಟಿದ್ದರು. ಊರಿನ ನಾಲ್ಕು ಜನ ಸಮಿತಿ ಕಟ್ಟಿಕೊಂಡು, ಈ ಊರು ಹುಟ್ಟಿದ್ದೇ ರೈಲಿನ ಸರಕು ಇಳಿಸಿಡುವ ಡಿಪೋದಿಂದ, ಮೊಟ್ಟಮೊದಲ ಡಿಪೋವನ್ನಾದರೂ ನಮಗೆ ಬಿಡಿ ಎಂದು ಅಂಗಲಾಚಿ ಒಪ್ಪಿಸಿದರು. ಒಪ್ಪಿಗೆ ಸಿಕ್ಕ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಟ್ಟಮೊದಲನೆಯದು ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ.

ಹೊಲಿಗೆಯಕ್ಕ ಹುಟ್ಟಿದ್ದು, ಬೆಳೆದದ್ದು, ಈಗ ಮಿಷಿನ್ ತುಳಿಯುವುದು ಎಲ್ಲವೂ ಯಾರ್ಡಿನ ಮೂಲೆಯ ಒಂದು ಉದ್ದ ಕೋಣೆಯಲ್ಲಿ. ಹೊರಗೆ ಇಟ್ಟಿಗೆ ಗೋಡೆ, ಒಳಗೆ ಸುಣ್ಣ ಬಳಿದ ಹಲಗೆ, ಕಾಲಿಗೆ ಮರದ ನೆಲ. ಅಪ್ಪ ಸಿಗ್ನಲ್ಲಿಗೆ ದೀಪ ಹಚ್ಚುವವನಾಗಿದ್ದ. ಅವನ ಕಾಲದ ಬಾಡಿಗೆಯ ಮೇಲೇ ಇವಳೂ ಉಳಿದಿದ್ದಳು. ಜೊತೆಗಿದ್ದವನು ಅಪ್ಪನ ತಮ್ಮ, ಚಿಕ್ಕಪ್ಪ. ಒಂದು ಕಾಲದಲ್ಲಿ ಯಾರ್ಡಿನ ಶಂಟರ್. ಎಂಜಿನ್ನಿಗೆ ವ್ಯಾಗನ್ ಜೋಡಿಸಿ, ಬಿಡಿಸಿ, ಮಾತಾಡುವುದನ್ನೇ ಮರೆತಂತಿದ್ದ ಮನುಷ್ಯ.

ಸಮಿತಿಯ ಅಧ್ಯಕ್ಷರು ಇತಿಹಾಸದ ಮೇಷ್ಟ್ರು. ಅವರೇ ಬಂದು ಹೇಳಿದ್ದರು: ಅವಳ ಕೋಣೆಯೇ ಮೊದಲ ಡಿಪೋ ಎಂದು ಸಾಬೀತಾದರೆ ಅವಳನ್ನು ಎಬ್ಬಿಸುವುದಿಲ್ಲ, ದರ್ಜಿಗೆ ಅಲ್ಲೇ ಜಾಗ, ಇದು ತಮ್ಮ ಮಾತು. ಹೊಲಿಗೆಯಕ್ಕನಿಗೆ ಅಷ್ಟು ಸಾಕಾಯಿತು. ಹೊಲಿಯುವ ಬಟ್ಟೆ ಗುಡ್ಡೆ ಬಿದ್ದರೂ ಬೀಳಲಿ ಎಂದು ಹಳಬರ ಮನೆಗಳನ್ನು ಸುತ್ತತೊಡಗಿದಳು.

ಸುತ್ತಿದಷ್ಟೂ ಗೋಜಲು. ನಿವೃತ್ತ ಸ್ಟೇಷನ್ ಮಾಸ್ಟರು, ಕಮಾನಿರುವ ಕಲ್ಲಿನ ಕಟ್ಟಡವೇ ಮೊದಲನೆಯದು, ಅದರಲ್ಲಿ ಅನುಮಾನವೇ ಬೇಡ ಎಂದರು. ಹಮಾಲರ ಮೇಸ್ತ್ರಿ ನಕ್ಕುಬಿಟ್ಟ. ಗೂಡ್ಸ್ ಷೆಡ್ಡಿನ ಮೆಟ್ಟಿಲಿನಲ್ಲೇ ಇಸವಿ ಕೆತ್ತಿದೆಯಲ್ಲ, ಕಣ್ಣಿಲ್ಲವೇ ಎಂದು ಕೇಳಿದ. ಓಡಿ ಹೋಗಿ ನೋಡಿದರೆ ಹೌದು, ಕೆತ್ತಿತ್ತು. ಆದರೆ ಗಾರೆಯವನ ಹೆಂಡತಿ ಬೇರೆಯೇ ಕಥೆ ತೆಗೆದಳು. ಆ ಕಲ್ಲು ಷೆಡ್ಡಿನದಲ್ಲವೇ ಅಲ್ಲ, ಸಿಗ್ನಲ್ ಕೇಬಿನ್ನಿನದು, ಮೆಟ್ಟಿಲಿಗೆ ಚೆನ್ನಾಗಿದೆ ಎಂದು ತನ್ನ ಮಾವ ಎತ್ತಿಕೊಂಡು ಬಂದದ್ದಂತೆ.

ಆ ಯಾರ್ಡಿನವರ ಚಾಳಿಯೇ ಅದು. ಏನನ್ನೂ ಎಸೆದವರಲ್ಲ. ಹೊಸದು ಕಟ್ಟುವಾಗ ಹಳೆಯದರ ಬಾಗಿಲು, ಕಿಟಕಿ, ಕಲ್ಲು ಎಲ್ಲವನ್ನೂ ಹೊತ್ತು ತಂದು ಕೂರಿಸಿಬಿಡುತ್ತಿದ್ದರು. ಮಾಸ್ಟರ ಕೋಣೆಗೆ ಷೆಡ್ಡಿನ ಬಾಗಿಲು, ಷೆಡ್ಡಿಗೆ ಕೇಬಿನ್ನಿನ ತೊಲೆ, ಕೇಬಿನ್ನಿಗೆ ಇನ್ಯಾವುದರದೋ ಹೆಂಚು. ಇಲಾಖೆಯ ಎಂಜಿನಿಯರ್ ಬಂದು ಗೋಡೆ ಗೋಡೆ ತಟ್ಟಿ ನೋಡಿ, ಕೊನೆಗೆ ಕಮಾನಿನ ಕೆಳಗೆ ತಲೆಯ ಮೇಲೆ ಕೈಹೊತ್ತು ಕೂತ. ಪಾಪ, ಅವನ ತಪ್ಪೇನು?

ಬೇಸತ್ತ ಹೊಲಿಗೆಯಕ್ಕ ಚಿಕ್ಕಪ್ಪನನ್ನೇ ಹಿಡಿದಳು. ಷೆಡ್ಡೋ, ಕಲ್ಲಿನ ಕಟ್ಟಡವೋ, ಕೇಬಿನ್ನೋ, ಈ ಕೋಣೆಯೋ? ಯಾವ ಕಟ್ಟಡ ಮೊದಲನೆಯದು?

"ಯಾವ ಕಟ್ಟಡಾನೂ ಅಲ್ಲ," ಎಂದ ಚಿಕ್ಕಪ್ಪ, ಬೀಡಿಯ ಬೂದಿ ಕೊಡವುತ್ತ.

ಮುದುಕನಿಗೆ ಅರಳುಮರಳು ಹಿಡಿಯಿತು ಎಂದುಕೊಂಡಳು. ಅಳು, ಸಿಟ್ಟು ಒಟ್ಟಿಗೇ ಬಂದವು. ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಮೂರನೆಯ ಬೆಳಿಗ್ಗೆ ಅವನು ಹೊರಗಿನಿಂದ ಬಂದವನು, ಎಂದಿನ ಹಾಗೆ ಬಾಗಿಲಿನ ಹಸಿರು ಬಣ್ಣದ ಕಂಬಕ್ಕೆ ಅಂಗೈಯಿಂದ ಎರಡು ಏಟು ಹಾಕಿ, ಹೊರಗೇ ನಿಂತ. ಇವಳು ಹೂಂ ಎನ್ನುವ ತನಕ ಒಳಗೆ ಬರುವವನಲ್ಲ. ಮುನಿಸಿನಿಂದ ಇವಳು ಹೂಂ ಎನ್ನಲಿಲ್ಲ, ಅವನೂ ಕದಲಲಿಲ್ಲ. ಬೇರೆ ಯಾರ ಮನೆಯ ಬಾಗಿಲನ್ನೂ ಅವನು ಹೀಗೆ ತಟ್ಟಿದ್ದನ್ನು ತಾನು ನೋಡಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಯಾಕೆ ಹಾಗೆ ತಟ್ತೀಯ ಚಿಕ್ಕಪ್ಪ?"

"ತಟ್ಟದೆ ಹೇಗೆ? ಒಳಗೆ ಹಮಾಲರು ಮಲಗಿದ್ರೆ? ತಟ್ಟಿ, ಒಳಗಿದ್ದೋರು ಹೂಂ ಅಂದ್ಮೇಲೇ ವ್ಯಾಗನ್ ಮುಟ್ಟೋದು."

"ವ್ಯಾಗನ್ನಾ?"

"ಮತ್ತೇನು ಇದು?"

ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಅವನ ಕಾಲದ ಶಂಟರುಗಳಿಗೆಲ್ಲ ಗೊತ್ತಿದ್ದ ವಿಷಯವದು. ಹಳಿ ಹಾಕಿದ ಹೊಸತರಲ್ಲಿ ಕಟ್ಟಡವೇ ಇರಲಿಲ್ಲ; ಒಂದು ಮುಚ್ಚಿದ ವ್ಯಾಗನ್ನಿನ ಗಾಲಿ ಬಿಚ್ಚಿ, ಹಳಿಯಡಿ ಹಾಕುವ ಸ್ಲೀಪರ್ ದಿಮ್ಮಿಗಳ ಮೇಲೆ ಕೂರಿಸಿ, ಅದನ್ನೇ ಡಿಪೋ ಮಾಡಿಕೊಂಡಿದ್ದರು. ಬಿಸಿಲು ತಡೆಯಲೆಂದು ಆಮೇಲೆ ಸುತ್ತ ಇಟ್ಟಿಗೆ ಕಟ್ಟಿದರು, ಒಳಗೆ ಹಲಗೆ ಬಡಿದರು. ಎಲ್ಲರೂ ಕೇಳಿದ್ದು ಮೊದಲ ಕಟ್ಟಡ ಯಾವುದು ಎಂದು. ವ್ಯಾಗನ್ನನ್ನು ಕಟ್ಟಡ ಎನ್ನಲು ಶಂಟರನಿಗೆ ಬಾಯಿ ಹೇಗೆ ಬಂದೀತು?

ಹೊಲಿಗೆಯಕ್ಕ ಕತ್ತರಿಯಿಂದಲೇ ಒಂದು ಹಲಗೆ ಎಬ್ಬಿಸಿದಳು. ಹಿಂದೆ ಕಬ್ಬಿಣ. ಚಪ್ಪಲಿಯನ್ನೂ ಮೆಟ್ಟದೆ ಮೇಷ್ಟ್ರ ಮನೆಗೆ ಓಡಿ, ಎಂಜಿನಿಯರನ್ನೂ ಎಳೆದು ತಂದು, ಗೋಡೆ ಬಡಿದು ತೋರಿಸಿದಳು. ಮೇಷ್ಟ್ರು ಕಣ್ಣಿನಲ್ಲಿ ನೀರು ತಂದುಕೊಂಡರು. ಎಂಜಿನಿಯರ್ ನಿಟ್ಟುಸಿರು ಬಿಟ್ಟು, ಸದ್ಯ, ಇನ್ನು ಕೆಲಸ ಸಲೀಸು ಎಂದ.

ಯಾವ ಕೆಲಸ ಎಂದು ಅವಳಿಗೆ ತಿಳಿದದ್ದು ಕ್ರೇನ್ ಬಂದು ನಿಂತಾಗ. ಕಟ್ಟಡವಾಗಿದ್ದರೆ ಇದ್ದಲ್ಲೇ ಬಿಡಬೇಕಿತ್ತು, ಜಾಗ ಮಾರುವುದು ಕಷ್ಟವಿತ್ತು. ವ್ಯಾಗನ್ ಎಂದ ಮೇಲೆ ಎತ್ತಿಕೊಂಡು ಹೋಗಿ ಪಾರ್ಕಿನಲ್ಲಿ ಇಟ್ಟರಾಯಿತು. ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪಲಿಲ್ಲ. ದರ್ಜಿಗೆ ಡಿಪೋದಲ್ಲೇ ಜಾಗ, ಪಾರ್ಕಿನಲ್ಲಿ ಮಿಷಿನ್ ಹಾಕಿಕೊಳ್ಳಲಿ, ಬಂದವರೂ ನೋಡುತ್ತಾರೆ ಎಂದರು. ಗೆದ್ದೆನೋ ಸೋತೆನೋ ಎಂದು ಹೊಲಿಗೆಯಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಇಲ್ಲ ಎನ್ನಲು ಹೋದರೆ, ಇದನ್ನು ವ್ಯಾಗನ್ ಎಂದು ಊರೆಲ್ಲ ಸಾರಿದವಳು ತಾನೇ. ಚಿಕ್ಕಪ್ಪನನ್ನು ಕೇಳಿದರೆ, ವ್ಯಾಗನ್ ಅಂದ ಮೇಲೆ ಹೋಗೋದೇ ಅಲ್ವಾ ಎಂದುಬಿಟ್ಟ.

ಇಟ್ಟಿಗೆ ಕೆಡವಿದರು. ತುಕ್ಕು ಹಿಡಿದ ಉದ್ದ ಪೆಟ್ಟಿಗೆ ಬಿಸಿಲಿಗೆ ಬಂತು. ಇದರೊಳಗೇ ಇಷ್ಟು ವರ್ಷ ಬದುಕಿದೆನೇ ಎಂದು ಅವಳಿಗೆ ನಂಬಿಕೆ ಬರಲಿಲ್ಲ. ಮಿಷಿನ್ ಒಳಗೇ ಇತ್ತು. ಕ್ರೇನಿನವನು ಸರಪಳಿ ಬಿಗಿದು ಎತ್ತಿದ. ಹಗುರಾಗಿ ಮೇಲೆದ್ದು ತೂಗಾಡಿತು.

ಅವಳು ಮೇಲೆ ನೋಡಲಿಲ್ಲ. ವ್ಯಾಗನ್ ಇದ್ದ ಕಡೆ ಕಪ್ಪು ಮಣ್ಣಿನ ಒಂದು ಚೌಕ. ಅದರ ಮೇಲೆ, ನೆಲದ ಹಲಗೆಗಳ ಸಂದಿಗೆ ಸರಿಯಾಗಿ ಸಾಲು ಸಾಲಾಗಿ, ಗುಂಡುಪಿನ್ನು, ಮುರಿದ ಸೂಜಿ, ಗುಂಡಿಗಳು. ಅವಳ ಕೈತಪ್ಪಿ ಬಿದ್ದದ್ದೆಲ್ಲ. ಒಂದು ಕಡೆ, ಹಳೆಯ ಕಿಟಕಿ ಇದ್ದಲ್ಲಿ, ದಪ್ಪ ಕಣ್ಣಿನ ದಬ್ಬಣಗಳು. ಅವು ಅವಳವಲ್ಲ, ಅಲ್ಲಿ ಕೂತು ಗೋಣಿ ಹೊಲಿಯುತ್ತಿದ್ದ ಅವ್ವನವು. ಅವ್ವ ಕೂರುತ್ತಿದ್ದ ಜಾಗ ಅವಳಿಗೆ ಮರೆತೇ ಹೋಗಿತ್ತು.

"ಇಳಿಸಿ," ಎಂದಳು.

ಮೇಷ್ಟ್ರು ಗಾಬರಿಯಾದರು. ಈಗ ಇಳಿಸುವುದು ಹೇಗೆ, ಎಲ್ಲ ಮುಗಿಯಿತಲ್ಲ, ಡಿಪೋ ಹೋಗಲೇಬೇಕಲ್ಲ ಎಂದು ತೊದಲಿದರು.

"ಡಿಪೋ ನಿಮ್ದು, ತಗೊಂಡು ಹೋಗಿ. ನನ್ ಮಿಷಿನ್ ಇಳಿಸಿ."

ವ್ಯಾಗನ್ ಲಾರಿಯ ಮೇಲೆ ಕೂತು ಪಾರ್ಕಿನ ಕಡೆ ಹೊರಟಿತು. ಊರಿನವರು ಚಪ್ಪಾಳೆ ತಟ್ಟುತ್ತ ಹಿಂದೆ ಹೋದರು. ಕಪ್ಪು ಚೌಕದ ಮೇಲೆ, ಅವ್ವನ ಜಾಗದಲ್ಲಿ, ಬಟ್ಟಬಯಲಿನಲ್ಲಿ ಅವಳು ಮಿಷಿನ್ ಹಾಕಿ ಕೂತಳು. ಚಿಕ್ಕಪ್ಪ ಸುತ್ತ ಒಮ್ಮೆ ಕಣ್ಣಾಡಿಸಿದ.

"ಎಷ್ಟು ದಿನ ಇಲ್ಲಿ ಕೂರ್ತೀಯಮ್ಮ? ಜಾಗ ಮಾರಿದಾರೆ."

"ಗೊತ್ತಿಲ್ಲ," ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ. "ನಿನ್ ನೆರಳು ಬೀಳ್ತಿದೆ, ಸ್ವಲ್ಪ ಆ ಕಡೆ ನಿಂತ್ಕೋ."