ತಟ್ಟದೆ ಹಾಕಿದ ಚಕ್ರ

ಸಾಣೆಚಕ್ರ ಒಡೆದಾಗ ಲೇತ್ ಓಡಿಸುವ ಟರ್ನರನ ಬಾಯಲ್ಲಿ ದೇವರ ಮಾತೇ ಇತ್ತು.

ಅವನ ಅಕ್ಕನ ಗಂಡ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಪ್ರತಿ ಶನಿವಾರ ಮಧ್ಯಾಹ್ನ ಲೇತ್ ಶೆಡ್ಡಿಗೆ ಬಂದು, ಮಗುಚಿಟ್ಟ ಎಣ್ಣೆ ಡಬ್ಬದ ಮೇಲೆ ಕೂರುತ್ತಿದ್ದ. ಹನ್ನೆರಡು ವರ್ಷದಿಂದ ಇಬ್ಬರಿಗೂ ಒಂದೇ ಜಗಳ. ಟರ್ನರನ ಹೆಂಡತಿ ಸಾಣೆ ಮೆಷಿನ್ನಿನಲ್ಲಿ ಉಳಿಗಳನ್ನು ಹರಿತ ಮಾಡುತ್ತ, "ಗಂಟಲು ಆರಿದ್ರೆ ಹೇಳಿ, ನೀರು ಕೊಡ್ತೀನಿ. ಸೋತೋರಿಗೆ ಮೊದಲು" ಎಂದು ನಗುತ್ತಿದ್ದಳು.

ಅಂದು ಟರ್ನರ್ ಹೊಸ ಚಕ್ರ ಹಾಕುತ್ತಿದ್ದ. ಹಾಕುವ ಮುನ್ನ ಅದನ್ನು ಬೆರಳಿಗೆ ತೂಗುಬಿಟ್ಟು ಮರದ ಹಿಡಿಯಿಂದ ತಟ್ಟಬೇಕು. ಖಣ್ಣೆಂದರೆ ಗಟ್ಟಿ, ಸದ್ದು ಮಂಕಾದರೆ ಒಳಗೆ ಬಿರುಕು. ಇಪ್ಪತ್ತು ವರ್ಷ ತಪ್ಪದೆ ತಟ್ಟಿದ್ದ.

"ಗುರುತ್ವ ಒಂದು ಕೂದಲೆಳೆ ಹೆಚ್ಚುಕಡಿಮೆ ಆಗಿದ್ರೆ ನಕ್ಷತ್ರಾನೇ ಇರ್ತಿರಲಿಲ್ಲ ಅಂತ ನೀವೇ ಹೇಳಿದ್ರಿ ಭಾವ. ನನ್ನ ಲೇತ್ ತಾನಾಗೇ ಸೆಟ್ ಆಗತ್ತಾ?"

"ಬೇರೆ ಥರ ಇದ್ದಿದ್ರೆ ಕೇಳೋಕೆ ನೀನೇ ಇರ್ತಿರಲಿಲ್ಲ ಕಣಯ್ಯಾ. ವಿಶ್ವಗಳು ಕೋಟಿಗಟ್ಟಲೆ ಇರಬಹುದು, ಒಂದರಲ್ಲಿ ಲೆಕ್ಕ ಕೂಡಿಬಂದಿದೆ. ಏನೂ ಇಲ್ಲದ ಕಡೇನೂ ಕಣ ಹುಟ್ಟತ್ತೆ."

"ಹುಟ್ಟೋಕೆ ನಿಯಮ ಇದೆಯಲ್ಲ? ಆ ನಿಯಮ ಯಾರದು?"

"ಯಾರದೂ ಅಲ್ಲ. ಇದೆ, ಅಷ್ಟೇ."

"ನನ್ನ ದೇವರೂ ಇದಾನೆ, ಅಷ್ಟೇ!"

ಗೆದ್ದ ಖುಷಿಯಲ್ಲಿ ಟರ್ನರ್ ನಟ್ಟು ಬಿಗಿದ. ತಟ್ಟುವುದು ಮರೆತೇಹೋಯಿತು. ಹೆಂಡತಿ ಸ್ವಿಚ್ ಒತ್ತಿದಳು.

ಚಕ್ರ ವೇಗ ಹಿಡಿದು ಸಿಡಿಯಿತು. ಅಂಗೈಯಗಲದ ಚೂರೊಂದು ಅವಳ ಗಂಟಲು ಸೀಳಿಕೊಂಡು ಹೋಗಿ ಹಿಂದಿನ ತಗಡಿನ ಗೋಡೆಯನ್ನೂ ತೂತು ಮಾಡಿತು. ಟರ್ನರ್ ಎರಡೂ ಕೈಯಿಂದ ಗಾಯ ಒತ್ತಿಹಿಡಿದ. ಬೆರಳ ಸಂದಿಯಲ್ಲಿ ರಕ್ತ ಬಿಸಿಬಿಸಿಯಾಗಿ ಚಿಮ್ಮಿತು. ಅವಳು ಅವನ ಅಂಗಿ ಜಗ್ಗಿ ಏನೋ ಹೇಳಹೊರಟಳು. ಬಂದದ್ದು ಕೆಂಪು ನೊರೆ ಮಾತ್ರ.

ಮೂರು ವಾರದ ಮೇಲೆ ಶೆಡ್ಡು ತೆಗೆದ ದಿನ ಭಾವ ಬಂದ. ಸಮಾಧಾನ ಹೇಳಲೆಂದೇ ಬಂದಿದ್ದ.

"ನಿನ್ನನ್ನ ನೀನೇ ಸುಟ್ಕೋಬೇಡ. ಇದು ಯಾರ ಶಿಕ್ಷೆಯೂ ಅಲ್ಲ. ಚಕ್ರದಲ್ಲಿ ಬಿರುಕಿತ್ತು, ಒಡೀತು. ಇದರ ಹಿಂದೆ ಯಾರೂ ಇಲ್ಲ."

"ಯಾರೂ ಇಲ್ವಾ?"

ಟರ್ನರನ ಕೈಗೆ ಕಬ್ಬಿಣದ ಸರಳು ಬಂದಿತ್ತು. ಮೊದಲ ಏಟಿಗೆ ಭಾವನ ದವಡೆ ಮುರಿದು ಎರಡು ಹಲ್ಲು ಲೋಹದ ಪುಡಿಯ ಮೇಲೆ ಬಿದ್ದವು. ಅಡ್ಡ ತಂದ ಮೊಣಕೈ ಎರಡನೆಯದಕ್ಕೆ ಪುಡಿಯಾಯಿತು. ಮೂರನೆಯದು ಎಡಗಣ್ಣಿಗೆ ಬಿತ್ತು.

"ದೇವರಿದ್ರೆ ಅವನನ್ನ ಕೇಳ್ತೀನಿ! ಇಲ್ಲ ಅಂದ್ರೆ ಕೊಂದೋನು ನಾನೇ ಅಲ್ವಾ? ತಟ್ಟಿ ನೋಡದೆ ಹಾಕಿದ್ದು ನಾನು! ಇದಾನೆ ಅನ್ನಿ ಭಾವ, ಒಂದ್ಸಲ ಅನ್ನಿ!"

ಮಾತಾಡಲು ದವಡೆ ಇರಲಿಲ್ಲ. ಹೂಂ ಎಂದು ತಲೆಯಾಡಿಸಿದ್ದರೂ ಸಾಕಿತ್ತು. ಭಾವ ಆಡಿಸಲಿಲ್ಲ. ಸರಳು ಮತ್ತೆ ಮೇಲೆದ್ದಿತು.

ಕೂಗು ಕೇಳಿ ಎದುರುಮನೆಯಿಂದ ಓಡಿಬಂದ ಅಕ್ಕ ಸರಳು ಕಿತ್ತುಕೊಂಡು ತಮ್ಮನ ಬೆನ್ನಿಗೆ, ಹೆಗಲಿಗೆ ಬೀಸಿದಳು. ಅವನು ಮಂಡಿಯೂರಿ, "ಹೊಡಿ ಅಕ್ಕಾ, ಇನ್ನೂ ಹೊಡಿ" ಎಂದ. ಆ ಮಾತಿಗೆ ಅವಳು ಸರಳು ಎಸೆದಳು. ಅವಳೇ ಪೊಲೀಸರಿಗೆ ಫೋನ್ ಮಾಡಿದಳು.

ಎರಡು ವರ್ಷ ಸಜೆಯಾಯಿತು. ಹನ್ನೊಂದನೆಯ ತಿಂಗಳು, ಅಕ್ಕನಿಗೂ ತಿಳಿಸದೆ, ಭಾವ ಜೈಲಿಗೆ ಬಂದ. ಎಡಗಣ್ಣು ಹೋಗಿತ್ತು, ಮಾತು ಸೊಟ್ಟಗೆ ಬರುತ್ತಿತ್ತು.

"ಒಂದ್ಸಲ ತಲೆ ಆಡಿಸಿದ್ರೆ ಬಿಟ್ಬಿಡ್ತಿದ್ದೆ" ಎಂದ ಟರ್ನರ್.

"ಗೊತ್ತಿತ್ತು. ಏಟಿಗೆ ಹೆದರಿ ಒಪ್ಪಿದ ದೇವರನ್ನ ಇಟ್ಕೊಂಡು ನೀನು ಏನು ಮಾಡ್ತಿದ್ದೆ?" ಭಾವ ಜಾಲರಿಗೆ ಹತ್ತಿರವಾದ. "ನೀನು ಕೊಲ್ಲಲಿಲ್ಲ ಕಣಯ್ಯಾ, ಮರೆತೆ. ಮರೆಸಿದ ಮಾತು ನನ್ನದು. ಅರ್ಧ ನನಗೂ ಸೇರತ್ತೆ."

ಟರ್ನರ್ ಜಾಲರಿಗೆ ಹಣೆ ಆನಿಸಿದ.

"ದಿನಾ ಅವನನ್ನ ಬಾಯಿಗೆ ಬಂದಂಗೆ ಬೈತೀನಿ. ಇಲ್ಲದವನ ಮೇಲೆ ಇಷ್ಟು ಸಿಟ್ಟು ಬರತ್ತಾ ಭಾವ?"

ಹಿಂದೆಲ್ಲ ಇಂಥ ಪ್ರಶ್ನೆಗೆ ಭಾವನ ಉತ್ತರ ತುದಿನಾಲಿಗೆಯಲ್ಲೇ ಇರುತ್ತಿತ್ತು. ಈಗ ಯೋಚಿಸಿದ.

"ಬರತ್ತೆ" ಎಂದ ಕೊನೆಗೆ. "ನನಗೂ ಬರತ್ತೆ."